ಸರ್ಕ್ಯುಲೇಶನ್ ಸಾಹೇಬರ ಎಡಗಾಲು

ಪತ್ರಿಕೆಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದೇ ಸರ್ಕ್ಯುಲೇಶನ್ ಸಾಹೇಬರು ಎಂದು. ಅಚ್ಚಾದ ಪತ್ರಿಕೆ ಮನೆಮನೆಯ ಬಾಗಿಲಿಗೂ ತಲುಪುವಂತೆ ನೋಡಿಕೊಳ್ಳುವುದು ಅವರ ಕೆಲಸ. ಯಾವುದಾದರೂ ಬೀದಿಗೆ ಪತ್ರಿಕೆ ಹೋಗಲಿಲ್ಲವೆಂದರೆ ತಾವೇ ನಡೆದು ಹೋಗಿ ವಿಚಾರಿಸುವ ಮನುಷ್ಯ.

ಈಚೆಗೆ ಆ ನಡಿಗೆಗೇ ಸಂಚಕಾರ ಬಂದಿತ್ತು. ಸ್ವಲ್ಪ ದೂರ ನಡೆದರೆ ಸಾಕು, ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ನೋವು ಮಾಯ, ನಡೆದರೆ ಮತ್ತೆ ಹಾಜರು. ಕುಂಟುವುದನ್ನು ಯಾರೂ ನೋಡಬಾರದೆಂದು ಸಾಹೇಬರು ಸಿಕ್ಕ ಅಂಗಡಿಯ ಮುಂದೆ ನಿಂತು, ಕೊಳ್ಳುವವರ ಹಾಗೆ ಗಾಜಿನೊಳಗೆ ಇಣುಕುತ್ತಿದ್ದರು. ಒಂದು ದಿನ ಹಾಗೆ ಇಣುಕಿದ್ದು ಹೆಂಗಸರ ಬಟ್ಟೆ ಅಂಗಡಿಗೆ. ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತು.

“ಏನ್ರೀ, ಈ ವಯಸ್ಸಲ್ಲಿ ಇದೇನು ಹೊಸ ಚಾಳಿ?” ಎಂದು ಹೆಂಡತಿ ತರಾಟೆಗೆ ತೆಗೆದುಕೊಂಡಾಗ ನಿಜ ಹೇಳಲೇಬೇಕಾಯಿತು. ಆಕೆ ಸಾಕ್ಸ್ ಬಿಚ್ಚಿಸಿ ನೋಡಿದರೆ ಹೆಬ್ಬೆರಳ ಪಕ್ಕದಲ್ಲಿ ಬೂಟು ಕಚ್ಚಿದ ಗಾಯ. ವಾರಗಳು ಕಳೆದಿದ್ದರೂ ಮಾಯದೆ, ಅಂಚು ಕಪ್ಪಿಟ್ಟಿತ್ತು. ಆಕೆ ಕೂಡಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತನ್ನ ತಂಗಿಗೆ ಫೋನ್ ಮಾಡಿದಳು.

ತಂಗಿ ಮಧ್ಯಾಹ್ನವೇ ಬಂದಳು. ಎರಡೂ ಪಾದಗಳನ್ನು ಮುಟ್ಟಿ ನೋಡಿದಳು.

“ಭಾವಾ, ನಿಮ್ಮ ಕಾಲಿಗೆ ಸರ್ಕ್ಯುಲೇಶನ್ ಸರಿಯಿಲ್ಲ ಅನ್ಸುತ್ತೆ.”

“ಅಮ್ಮಾ ತಾಯಿ, ಸರ್ಕ್ಯುಲೇಶನ್ ವಿಷಯ ನನಗೇ ಹೇಳ್ಕೊಡ್ತೀಯಾ? ಇಡೀ ಊರಿಗೆ ಪೇಪರ್ ಮುಟ್ಟಿಸೋನು ನಾನು!”

“ಅದು ಪೇಪರ್ ಓಡಾಡೋದು. ನಾನು ಹೇಳ್ತಿರೋದು ರಕ್ತ ಓಡಾಡೋದು. ಪದ ಒಂದೇ ಭಾವಾ. ಆದ್ರೆ ಪೇಪರ್ ತಪ್ಪಿದ್ರೆ ಜನ ಬೈತಾರೆ, ರಕ್ತ ತಪ್ಪಿದ್ರೆ ಕಾಲೇ ಹೋಗುತ್ತೆ.”

“ವಯಸ್ಸಾಯ್ತು, ಕಾಲು ನೋಯುತ್ತೆ. ಬಿಸಿನೀರಲ್ಲಿಟ್ರೆ ಸರಿಹೋಗುತ್ತೆ ಬಿಡು.”

“ಬಿಸಿನೀರಂತೂ ಬೇಡವೇ ಬೇಡ. ಪಾದದ ಚರ್ಮ ಮರಗಟ್ಟಿದ್ರೆ ಸುಟ್ಟರೂ ನಿಮಗೆ ಗೊತ್ತಾಗದೇ ಇರಬಹುದು. ಎಲ್ಲಿ, ಬೆರಳು ಕೊಡಿ.”

ಅವಳು ಅವರ ಬೆರಳನ್ನು ಬಲಪಾದದ ಮೇಲಿಟ್ಟಳು. ನಾಡಿ ಮೆಲ್ಲಗೆ ಮಿಡಿಯುತ್ತಿತ್ತು. ಎಡಪಾದದ ಮೇಲಿಟ್ಟಳು. ಸಾಹೇಬರು ಒತ್ತಿದರು, ಬೆರಳು ಸರಿಸಿದರು, ಉಸಿರು ಬಿಗಿಹಿಡಿದು ಕಾದರು. ಏನೂ ಇಲ್ಲ. ಪಾದ ತಣ್ಣಗಿತ್ತು.

“ಇಲ್ಲಿಗೆ ತಲುಪ್ತಾನೇ ಇಲ್ವಾ?” ಎಂದರು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ಕಮ್ಮಿಯಾಗಿದೆ ಅನ್ಸುತ್ತೆ. ಸ್ಕ್ಯಾನ್ ಮಾಡಿದ್ರೆ ಗೊತ್ತಾಗುತ್ತೆ. ನಾಳೆ ಅಲ್ಲ, ಈಗ್ಲೇ ಹೊರಡಿ. ಜೇಬಲ್ಲಿರೋ ಸಿಗರೇಟು ಇಲ್ಲೇ ಬಿಡಿ. ರಕ್ತನಾಳ ಕಟ್ಕೊಳ್ಳೋಕೆ ಅದೂ ದೊಡ್ಡ ಕಾರಣ.”

ಸ್ಕ್ಯಾನಿನಲ್ಲಿ ತೊಡೆಯ ರಕ್ತನಾಳ ಕಿರಿದಾಗಿರುವುದು ಕಂಡಿತು. ಸಕ್ಕರೆ ಕಾಯಿಲೆ ಇರುವುದೂ ಅಂದೇ ತಿಳಿಯಿತು. “ಇನ್ನೂ ತಡಮಾಡಿದ್ರೆ ಬೆರಳು ತೆಗೀಬೇಕಾಗ್ತಿತ್ತು” ಎಂದ ಡಾಕ್ಟರು ನಾಳದ ತಡೆ ಬಿಡಿಸಿದರು, ಮಾತ್ರೆ ಬರೆದುಕೊಟ್ಟರು. ಸಿಗರೇಟು ಬಿಡುವಾಗ ಮಾತ್ರ ಸಾಹೇಬರಿಗೆ ಸಾಕುಸಾಕಾಯಿತು. ಮನೆಯವರ ಮೇಲೆ ಸಿಡುಕಿದರು, ಒಮ್ಮೆ ಕದ್ದು ಸೇದಿ ಸಿಕ್ಕಿಬಿದ್ದರು, ಕೊನೆಗೆ ಗೆದ್ದರು. ಗಾಯ ಮಾಯಿತು. ಈಗ ಸಂಜೆಯ ನಡಿಗೆಯಲ್ಲಿ “ಸ್ವಲ್ಪ ನಿಧಾನ ಕಣ್ರೀ!” ಎಂದು ಹೆಂಡತಿಯೇ ಹಿಂದಿನಿಂದ ಕೂಗಬೇಕು.

ನಿಮ್ಮ ಮನೆಯಲ್ಲೂ ಯಾರಿಗಾದರೂ ನಡೆದರೆ ಹಿಡಿಯುವ, ನಿಂತರೆ ಬಿಡುವ ಕಾಲುನೋವು ಇದೆಯೇ? ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ? ಗಾಯ ಮಾಯುತ್ತಿಲ್ಲವೇ? ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಸಕ್ಕರೆ ಕಾಯಿಲೆ ಇರುವವರು, ಹೊಗೆ ಸೇದುವವರು ದಿನಾ ಪಾದ ನೋಡಿಕೊಳ್ಳಿ. ಹೊಗೆ ಬಿಡಿ. ನಡೆದು ಹೋಗಲು ಆಗುವಾಗಲೇ ಆಸ್ಪತ್ರೆಗೆ ಹೋಗಿ.