ದೊಡ್ಡವ್ವಿಗಾಗಿ ಅತ್ತದ್ದು

ಕಾಯ್ಕಿಣಿಯ ಸಣ್ಣಿಯ ತಲೆಯ ಮೇಲೆ ಹಾಡಹಗಲೇ ಕಾಗೆಯೊಂದು ಕೂತು ಹಾರಿಹೋದದ್ದೇ ಇಷ್ಟಕ್ಕೆಲ್ಲ ಮೂಲ.

ಕಾಗೆ ಮುಟ್ಟಿದರೆ ಸಾವು ಹತ್ತಿರ ಬಂತು ಎಂದು ಆ ಮನೆಯವರ ನಂಬಿಕೆ. ಅದಕ್ಕೆ ಪರಿಹಾರವೂ ಅವರಲ್ಲೇ ಇದೆ. ಕಾಗೆ ಮುಟ್ಟಿಸಿಕೊಂಡವರು ಸತ್ತೇಹೋದರೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ನಾಲ್ಕು ಹನಿ ಕಣ್ಣೀರು ಹಾಕಿದರೆ ದೋಷ ಕಳೆಯಿತು. ಆಮೇಲೆ ಇನ್ನೊಂದು ಫೋನು ಮಾಡಿ, ಸುಳ್ಳು ಕಣ್ರೋ, ಬಾಯಿಗೆ ಬೆಲ್ಲ ಹಾಕಿಕೊಳ್ಳಿ ಎಂದರಾಯಿತು. ಯಮನನ್ನು ಇಷ್ಟು ಸುಲಭಕ್ಕೆ ಯಾಮಾರಿಸಬಹುದೇ ಎಂದು ಕೇಳಬೇಡಿ. ಅವನಿಗೂ ಕೆಲಸ ಜಾಸ್ತಿ, ನೆಂಟರು ಅತ್ತ ಮನೆಯನ್ನು ಮುಗಿದ ಮನೆ ಎಂದು ಬಿಟ್ಟು ಮುಂದೆ ಹೋಗುತ್ತಾನಂತೆ.

ಸಣ್ಣಿಯ ಮಗ ಶುಕ್ರ ಮೊದಲು ಫೋನು ಮಾಡಿದ್ದು ಕುಮಟೆಯಲ್ಲಿದ್ದ ವಿನೋದನಿಗೆ. ವಿನೋದ ಅವಳ ತಂಗಿಯ ಮಗ. ಹಡೆದವಳು ಬೇಗ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಸಣ್ಣಿಯೇ. ಹೆಸರು ಸಣ್ಣಿಯಾದರೂ ಅವನಿಗೆ ಅವಳು ದೊಡ್ಡವ್ವಿ. ಯಾರು ಅಳದಿದ್ದರೂ ಅವನಂತೂ ಅತ್ತೇ ಅಳುತ್ತಾನೆ ಎಂಬುದು ಶುಕ್ರನ ಎಣಿಕೆ.

"ವಿನೋದಣ್ಣ, ಅವ್ವಿ ಹೋದ್ಲೋ!"

ವಿನೋದನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಮಾಡಿಕೊಡುವ ಅಂಗಡಿ. ಮದುವೆಗೆ ಶುಭಾಶಯ, ಸತ್ತವರಿಗೆ ಭಾವಪೂರ್ಣ ಶ್ರದ್ಧಾಂಜಲಿ, ಎರಡನ್ನೂ ಒಂದೇ ಕೈಯಲ್ಲಿ ಟೈಪ್ ಮಾಡುವವನು. ಬಿಡುವಿನಲ್ಲಿ ಕವಿ. ಮೀಸೆ ಚಿಗುರುವಾಗ ಪತ್ರಿಕೆಗಳಿಗೆ ಕವಿತೆ ಕಳಿಸಲು ಶುರುಮಾಡಿದವನಿಗೆ ಈಗ ಮೀಸೆಯಲ್ಲಿ ಬಿಳಿಗೂದಲು. ಒಂದು ಸಾಲೂ ಅಚ್ಚಾಗಿರಲಿಲ್ಲ. ಸ್ನೇಹಿತರು 'ಏನು ಕವಿಗಳೇ' ಎಂದು ಕರೆಯುತ್ತಿದ್ದರು. ಆ ಮರ್ಯಾದೆ ಎಂಥದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ಕೇಳಿ ಎದೆ ಧಸಕ್ಕೆಂದಿತು. ಆದರೆ ಕಣ್ಣೀರು ಬರಬೇಕಾದ ಹೊತ್ತಿಗೆ ಅವನಿಗೆ ಒಂದು ಸಾಲು ಬಂತು. ಅದರ ಹಿಂದೆ ಇನ್ನೊಂದು ಬಂತು. ಪರದೆಯ ಮೇಲಿದ್ದ ಯಾರದೋ ಶ್ರದ್ಧಾಂಜಲಿಯನ್ನು ಸರಿಸಿ ಟೈಪ್ ಮಾಡಿದ. ಬಸಳೆ ಚಪ್ಪರ ಬಂತು, ಬೋರಲು ಬಿದ್ದ ಚೊಂಬು ಬಂತು, 'ಇರುಳೆಲ್ಲ ಅತ್ತು ದಿಂಬು ತೋಯ್ದಿದೆ' ಎಂಬುದೂ ಬಂತು. ಇರುಳು ಇನ್ನೂ ಆಗಿಯೇ ಇರಲಿಲ್ಲ, ಹೊರಗೆ ಮಧ್ಯಾಹ್ನದ ಬಿಸಿಲು. ಓದಿನೋಡಿದ. ಇದು ಒಳ್ಳೆಯ ಕವಿತೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ದೊಡ್ಡ ಪತ್ರಿಕೆಯ ಭಾನುವಾರದ ಪುರವಣಿಗೆ ಮೇಲ್ ಮಾಡಿ, ಆಮೇಲೆ ಚಪ್ಪಲಿ ಮೆಟ್ಟಿ, ಕಾಯ್ಕಿಣಿಗೆ ಹೊರಡಲು ಶಟರ್ ಎಳೆದ. ಅಷ್ಟರಲ್ಲಿ ಎರಡನೆಯ ಫೋನು.

"ಸುಳ್ಳು ವಿನೋದಣ್ಣ! ಅವ್ವಿಗೆ ಕಾಗೆ ಮುಟ್ಟಿತ್ತು, ಅದ್ಕೆ ಹೇಳಿದ್ದು. ನೀ ಅತ್ಯಲ್ದಾ?"

"ಹೂಂ," ಎಂದ ವಿನೋದ.

ದೊಡ್ಡವ್ವಿಯೇ ಫೋನು ಕಿತ್ತುಕೊಂಡಳು. "ಹೆದ್ರಿಸಿಬಿಟ್ರಲ್ದಾ ತಮಾ? ಅತ್ತದ್ದು ಸಾಕು, ಒಂಚೂರು ಬೆಲ್ಲ ತಿನ್ನು."

ಅವನು ಬೆಲ್ಲ ತಿನ್ನಲಿಲ್ಲ. ತಿನ್ನುವ ಯೋಗ್ಯತೆ ತನಗಿಲ್ಲ ಎನಿಸಿತು.

ವಾರದೊಳಗೆ ಪತ್ರಿಕೆಯಿಂದ ಉತ್ತರ ಬಂತು. 'ಕವಿತೆ ಬಹಳ ಹಿಡಿಸಿತು. ಸರದಿಯಂತೆ ಪ್ರಕಟಿಸುತ್ತೇವೆ.' ಆಗಲೇ ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು: ಸ್ವಾಮಿ, ಹೆಂಗಸು ಬದುಕಿದ್ದಾಳೆ, ಕವಿತೆ ಬೇಡ. ವಿನೋದ ಬರೆಯಲಿಲ್ಲ. ಇಷ್ಟು ವರ್ಷ ಎಲೆ ಹಾಕಿಕೊಂಡು ಕೂತವನಿಗೆ ಅನ್ನ ಬಡಿಸುವ ಹೊತ್ತಿನಲ್ಲಿ ಎದ್ದುಹೋಗು ಎಂದರೆ ಹೇಗೆ?

ಆಮೇಲೆ ಶುರುವಾಯಿತು ಕಾಯುವುದು. ಭಾನುವಾರ ಬೆಳಿಗ್ಗೆ ಪೇಪರಿನಂಗಡಿಯ ಎದುರೇ ನಿಂತು ಪುರವಣಿ ಬಿಡಿಸುವನು. ಕವಿತೆ ಬಂದಿಲ್ಲವೆಂದರೆ ನಿರಾಸೆಯಾಗುತ್ತಿತ್ತು, ಜೊತೆಗೇ ಸಮಾಧಾನವೂ ಆಗುತ್ತಿತ್ತು. ಕಾಯ್ಕಿಣಿಗೆ ಹೋಗುವುದು ಕಡಿಮೆಯಾಯಿತು. ದೊಡ್ಡವ್ವಿ ಅವನನ್ನು ಬಿಡಬೇಕಲ್ಲ, ಕುಮಟೆಗೆ ಬರುವವರ ಕೈಯಲ್ಲಿ ಬಸಳೆ, ಹರಿವೆ ಕಳಿಸುವಳು. ಹುಳಿಗೆ ಹಾಕಿದ ಬಸಳೆಯನ್ನು ಅವನು ತಟ್ಟೆಯ ಅಂಚಿಗೆ ಸರಿಸಿಬಿಡುವನು.

ಮಳೆಗಾಲದಲ್ಲಿ ಅವಳಿಗೆ ಜ್ವರ ಏರಿ ಹೊನ್ನಾವರದ ಆಸ್ಪತ್ರೆಗೆ ಸೇರಿಸಿದರು. ಕಾಗೆಯ ದೋಷ ಕಳೆದಿಲ್ಲ, ತಾನು ಅಳದೇ ಇದ್ದದ್ದಕ್ಕೇ ಹೀಗಾಯಿತು ಎಂದು ವಿನೋದ ಬೆವರಿದ. ಅವಳ ಮಂಚದ ಪಕ್ಕ ಕೂತಿದ್ದಾಗಲೇ ಆ ಪಾಪದ ಯೋಚನೆ ಬಂದದ್ದು: ಇವಳು ಹೋಗುವುದೇ ಆದರೆ, ಕವಿತೆ ಈ ಭಾನುವಾರ ಬಂದರೆ ಸರಿಹೋಗುತ್ತದೆ. ಬಂದ ಯೋಚನೆಯನ್ನು ಕಂಡು ಅವನಿಗೇ ಹೇಸಿಗೆಯಾಯಿತು. ವರಾಂಡಕ್ಕೆ ಓಡಿ, ಕವಿತೆ ಹಿಂದಕ್ಕೆ ಪಡೆಯುತ್ತೇನೆ ಎಂದು ಮೊಬೈಲಿನಲ್ಲಿ ಬರೆಯತೊಡಗಿದ. ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಕಳಿಸಿದ್ದು ಇಷ್ಟು: 'ಮಾನ್ಯರೇ, ನನ್ನ ಕವಿತೆ ಯಾವಾಗ ಪ್ರಕಟವಾಗಬಹುದು?'

ದೊಡ್ಡವ್ವಿ ಗುಣವಾಗಿ ಮನೆಗೆ ಬಂದಳು. ಗಟ್ಟಿ ಜೀವ. ಗದ್ದೆಯ ಕೊಯ್ಲು ಮುಗಿದು ಅವಳು ಮತ್ತೆ ತರಕಾರಿ ಪಾತಿ ಮಾಡುವ ಹೊತ್ತಿಗೆ, ಒಂದು ಭಾನುವಾರ, ಕವಿತೆ ಬಂತು. 'ದೊಡ್ಡವ್ವಿ ಇಲ್ಲದ ಕಾಯ್ಕಿಣಿ.' ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ವಿನೋದ ಆ ಹೆಸರನ್ನು ಬೆರಳಿಂದ ಸವರಿದ. ಸಂತೋಷ ಎಲ್ಲಿಂದಲೋ ಬಂದು ಬಾಗಿಲಲ್ಲೇ ನಿಂತಿತು, ಒಳಗೆ ಬರಲಿಲ್ಲ. ಫೋನಿನ ತುಂಬ ಕೈಮುಗಿದ ಚಿತ್ರಗಳು, 'ಆತ್ಮಕ್ಕೆ ಶಾಂತಿ ಸಿಗಲಿ'ಗಳು. ನಡುವೆ ಶುಕ್ರನ ಕರೆ.

"ಪೇಪರಲ್ಲಿ ಅವ್ವಿನ ಸಾಯಿಸಿದ್ಯಂತಲ್ಲೋ! ಊರವ್ರೆಲ್ಲ ಕೇಳೂಕೆ ಬತ್ತೇ ಇದ್ರು. ಪೇಪರ್ ತಕಂಡೇ ಬರೂಕೆ ಹೇಳಿದ್ಲು ಅವ್ವಿ."

ಶರಾವತಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಪೇಪರನ್ನು ಹೊಳೆಗೆ ಎಸೆದುಬಿಡೋಣ ಎನಿಸಿತು. ಅಷ್ಟು ವರ್ಷ ಕಾದಿದ್ದ ಕೈ ಮಾತು ಕೇಳಲಿಲ್ಲ.

ದೊಡ್ಡವ್ವಿ ಜಗಲಿಯಲ್ಲಿ ಕೂತು ಹರಿವೆ ಸೋಸುತ್ತಿದ್ದಳು. ಸುತ್ತ ಕೇರಿಯ ಹೆಂಗಸರು. ಬೈಗುಳಕ್ಕೆ ತಯಾರಾಗಿ ಬಂದವನನ್ನು ಅವಳು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಓದು. ಸತ್ತೋಳಿಗೂ ಒಂಚೂರು ಕೇಳ್ಲಿ."

ಹೆಂಗಸರು ನಕ್ಕರು. ವಿನೋದ ಓದಿದ. ಬಸಳೆ ಚಪ್ಪರ ಬರುವ ಹೊತ್ತಿಗೆ ನಗು ನಿಂತಿತ್ತು. ಚೊಂಬು ಬರುವಾಗ ಪಕ್ಕದ ಮನೆಯ ನಾಗಮ್ಮ ಮೂಗು ಒರೆಸಿಕೊಂಡಳು. 'ಇರುಳೆಲ್ಲ ಅತ್ತು ದಿಂಬು ತೋಯ್ದಿದೆ' ಎಂಬಲ್ಲಿ ದೊಡ್ಡವ್ವಿ ಕೈ ಎತ್ತಿದಳು.

"ಅದೊಂದು ಇನ್ನೊಂದ್ಸಲ ಓದು."

ಇಡೀ ಕವಿತೆಯಲ್ಲಿ ಅವನು ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ ಸಾಲು. ಅದನ್ನೇ ಅವನು ಎರಡು ಸಲ ಓದಬೇಕಾಯಿತು.

"ಕೇಳಿದ್ರಾ?" ದೊಡ್ಡವ್ವಿ ಹೆಂಗಸರ ಕಡೆ ತಿರುಗಿದಳು. "ಮಳೆಗಾಲದಲ್ಲಿ ಆಸ್ಪತ್ರೆಯಿಂದ ನಾ ಎದ್ದು ಬಂದಿದ್ದು ಎಂತದ್ರಿಂದ ಅಂದ್ಕಂಡ್ರಿ? ಡಾಕ್ಟ್ರ ಸೂಜಿಯಿಂದ ಅಲ್ಲ. ಇವ ಅತ್ತಿದ್ದಕ್ಕೆ." ಮತ್ತೆ ಅವನ ಬೆನ್ನು ಸವರುತ್ತ ಹೇಳಿದಳು, "ನಾ ಖರೇ ಹೋದಾಗ ನೀ ಅಳೂದು ಬ್ಯಾಡ ತಮಾ. ನಿನ್ನ ಪಾಲಿಂದು ನೀ ಅತ್ತಾತು."

ಆ ಮಾತು ವಿನೋದನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಈಗಲಾದರೂ ಬರಬಾರದೇ, ಒಂದು ಹನಿಯಾದರೂ ಬರಬಾರದೇ ಎಂದು ತಲೆ ತಗ್ಗಿಸಿ ಕಣ್ಣು ಬಿಗಿಯಾಗಿ ಮುಚ್ಚಿದ. ನಾಚಿಕೆಯಿಂದ ಮುಖ ಉರಿಯುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಬರಲಿಲ್ಲ. ಭುಜ ನಡುಗಿದ್ದನ್ನು ನೋಡಿ ನಾಗಮ್ಮ, "ಅಯ್ಯೋ, ಮತ್ತೆ ಅಳ್ತಾ ಇದ್ದ ನೋಡೇ," ಎಂದಳು.

ದೊಡ್ಡವ್ವಿ ಸೆರಗು ಎಳೆದು ಅವನ ಕಣ್ಣು ಒರೆಸಿದಳು. ಒಂದನ್ನು ಒರೆಸಿ, ಇನ್ನೊಂದನ್ನೂ ಒರೆಸಿದಳು. ಆಮೇಲೆ ಸೆರಗಿನ ತುದಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು. ಅದು ಒಣಗಿಯೇ ಇತ್ತು.

ಅವಳು ಅವನ ಮುಖ ನೋಡಿದಳು. ಹೆಂಗಸರ ಕಣ್ಣಿಗೆ ಬೀಳುವ ಮೊದಲು ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆತು ತಮಾ, ಆತು," ಎಂದಳು, ಎಲ್ಲರಿಗೂ ಕೇಳುವಂತೆ. "ಎಷ್ಟು ಅಳ್ತೆ, ಸಾಕು."