ಭಾನುವಾರ ಮನೆಯಲ್ಲಿ ಉಳಿದವರು

ಶಿವಾಜಿನಗರದಲ್ಲಿ ಫೈಸಲ್‌ನದು ಹಳೆಯ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ಮಾರುವ ಅಂಗಡಿ. ಎಲ್ಲಾದರೂ ಹಳೆ ಬಂಗಲೆ ಕೆಡವುತ್ತಾರೆ ಅಂದರೆ ಮೊದಲು ಹೋಗಿ ನಿಲ್ಲುವವನು ಅವನೇ. ವಾರವಿಡೀ ಬಿದ್ದ ಮನೆಗಳ ನಡುವೆ ಓಡಾಡಿ, ಭಾನುವಾರ ಬಂತೆಂದರೆ ಅವನಿಗೆ ನಿಂತಿರುವ ಮನೆಗಳನ್ನು ನೋಡಬೇಕೆನಿಸುತ್ತಿತ್ತು. ಹೆಂಡತಿ ನಾಜಿಶ್, ಮಗಳು ಲುಬ್ನಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಹೊರಡುತ್ತಿದ್ದ. ಒಂದು ವಾರ ಹೊಸಕೋಟೆಯ ಕಡೆ, ಇನ್ನೊಂದು ವಾರ ಕೋಲಾರದ ಕಡೆ. ಬಂಡೆಯ ಕೆಳಗಿನ ಚೆಂದದ ಹಳ್ಳಿಗಳು, ಜೋಡಿದಾರ ಜಮೀನುದಾರರ ತೊಟ್ಟಿಮನೆಗಳು, ಬ್ರಿಟಿಷ್ ದೊರೆಗಳ ಕಾಲದ ತೋಟದ ಬಂಗಲೆಗಳು. ಸಂಜೆ ಕೆಂಪು ಧೂಳು ಮೆತ್ತಿದ ಚಪ್ಪಲಿಗಳೊಂದಿಗೆ ವಾಪಸು ಬರುತ್ತಿದ್ದರು.

ಅವರ ಬುತ್ತಿ ಕಟ್ಟಿಕೊಡುತ್ತಿದ್ದವಳು ಫೈಸಲ್‌ನ ತಾಯಿ ತಾಹೇರಾ. ಬೆಳಗಿನ ನಮಾಜು ಮುಗಿಸಿ ಖೀಮಾ ಹುರಿದು, ಚಪಾತಿ ಒತ್ತಿ, ಮೊಟ್ಟೆ ಬೇಯಿಸಿ ಡಬ್ಬಿಗೆ ತುಂಬಿ, ಕಾರಿನ ಬಾಗಿಲಿನವರೆಗೂ ತಂದುಕೊಡುತ್ತಿದ್ದಳು. ಅವಳು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಅವಳ ಅತ್ತೆ ಜಹನಾರಾ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ತಾಹೇರಾಳ ಗಂಡ ಅಜ್ಮತ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಸೊಸೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಒಮ್ಮೆ ನಾಜಿಶ್ ಹಟ ಮಾಡಿ, ಕೆಳಗಿನ ಮನೆಯ ಆಂಜನಮ್ಮನನ್ನು ಒಂದು ದಿನದ ಮಟ್ಟಿಗೆ ಅಜ್ಜಿಯ ಪಕ್ಕದಲ್ಲಿ ಕೂರಲು ಒಪ್ಪಿಸಿದ್ದಳು. ತಾಹೇರಾ ಹೊಸ ಬುರ್ಖಾ ತೊಟ್ಟು, ಕಾರು ಹತ್ತಿ, ಹಲಸೂರು ದಾಟುವಷ್ಟರಲ್ಲಿ ಆಂಜನಮ್ಮನ ಫೋನು ಬಂತು.

"ಅಕ್ಕಾ, ಅಜ್ಜಿ ಒಂದ್ ಹನಿ ನೀರೂ ಕುಡೀತಿಲ್ಲ. ಬಾಯಿ ಒಣಗೋಗಿದೆ. ಲೋಟ ಹಿಡಿದ್ರೆ ಮುಖ ತಿರುಗಿಸ್ತಾರೆ."

ತಾಹೇರಾಳಿಗೆ ಅರ್ಥವಾಯಿತು. ನೀರು ಕುಡಿದರೆ ಇನ್ನೊಬ್ಬರು ಬೆಡ್‌ಪ್ಯಾನ್ ಹಿಡಿಯಬೇಕಾಗುತ್ತದೆ. ಆ ಸಂಕೋಚಕ್ಕೆ ಮುದುಕಿ ಸಂಜೆಯವರೆಗೂ ಒಣಗಿದ ಬಾಯಲ್ಲೇ ಇರುತ್ತಿದ್ದರು. ತಾಹೇರಾ ಅಲ್ಲೇ ಕಾರಿನಿಂದ ಇಳಿದು ಆಟೋ ಹಿಡಿದು ವಾಪಸಾದಳು. ಮನೆಗೆ ಬಂದವಳೇ ಲೋಟವನ್ನು ಅತ್ತೆಯ ತುಟಿಗೆ ಇಟ್ಟಳು. ಎಷ್ಟೋ ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ರಾತ್ರಿ ಕಾಲು ಒತ್ತುವಾಗ ಬೇಕೆಂದೇ ಗಟ್ಟಿಯಾಗಿ ಒತ್ತುತ್ತಿದ್ದಳು. ಜಹನಾರಾ ಸುಮ್ಮನೆ ಸಹಿಸಿದರು. ಆಮೇಲೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಆ ಭಾನುವಾರಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ತಾಹೇರಾಳ ಫೋನಿಗೆ ಫೋಟೋ ಬರುತ್ತಿತ್ತು. ಜಹನಾರಾರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಬೇಡವೆಂದು ಹಟ ಹಿಡಿದಿದ್ದರು. ಆದ್ದರಿಂದ ತಾಹೇರಾ ನೋಡಿ ಹೇಳಬೇಕು, ಅತ್ತೆ ಕೇಳಬೇಕು.

"ಏನ್ ಕಳ್ಸಿದಾನೆ?"

"ಒಂದು ಬಂಗಲೆ ಅಮ್ಮಾ. ಕೆಂಪು ಹೆಂಚು, ಮುಂದೆ ದೊಡ್ಡ ಜಗಲಿ. ಬಿಳೀ ಕಂಬ."

"ಅಡುಗೆಮನೆ ಎಲ್ಲಿ?"

"ಅದು ಫೋಟೋದಲ್ಲಿಲ್ಲ."

"ಅಡುಗೆಮನೆ ಇಲ್ದೆ ಇರೋದು ಎಂಥಾ ಮನೆ? ಸರಿಯಾಗಿ ನೋಡು."

ಮೊದಮೊದಲು ತಾಹೇರಾ ಫೋಟೋವನ್ನು ದೊಡ್ಡದು ಮಾಡಿ ನಿಜವಾಗಿಯೂ ಹುಡುಕುತ್ತಿದ್ದಳು. ಫೈಸಲ್ ಕಳಿಸುತ್ತಿದ್ದುದು ಬಾಗಿಲು, ಕೀಲು, ಕಂಬದ ಕೆತ್ತನೆ. ಜಹನಾರಾ ಕೇಳುತ್ತಿದ್ದುದು ಬೇರೆ. ನೀರು ಎಲ್ಲಿಂದ ತರುತ್ತಿದ್ದರು? ಅಷ್ಟು ದೊಡ್ಡ ಜಗಲಿಯನ್ನು ಗುಡಿಸುತ್ತಿದ್ದವರು ಯಾರು? ಹೆಂಗಸರು ಮಧ್ಯಾಹ್ನ ಎಲ್ಲಿ ಕಾಲು ಚಾಚುತ್ತಿದ್ದರು? ಉತ್ತರವಿಲ್ಲದೆ ಬೇಸತ್ತ ತಾಹೇರಾ ಒಂದು ದಿನ ಕಲ್ಪಿಸಿ ಹೇಳಿಬಿಟ್ಟಳು.

"ಅಡುಗೆಮನೆ ಹಿಂದೆ ಇದೆ ಅಮ್ಮಾ. ಹೊಗೆ ಹಿಡಿದು ಗೋಡೆಯೆಲ್ಲಾ ಕಪ್ಪಗಾಗಿದೆ. ಪಕ್ಕದಲ್ಲೊಂದು ನಿಂಬೆ ಗಿಡ. ಅಲ್ಲೇ ಹೆಂಗಸರು ಕೂತು ಅಕ್ಕಿ ಆರಿಸೋದು."

ಜಹನಾರಾ ಕಣ್ಣು ಮುಚ್ಚಿ, "ಹಾಂ, ಈಗ ಮನೆ ಆಯ್ತು ನೋಡು" ಅಂದರು.

ಅಂದಿನಿಂದ ತಾಹೇರಾಳ ನಾಲಿಗೆ ಸಡಿಲವಾಯಿತು. ಯಾವ ಬಂಗಲೆ ಬಂದರೂ ಅದಕ್ಕೊಬ್ಬ ಸಿಡುಕಿ ಯಜಮಾನಿ, ಅವಳಿಗೊಬ್ಬಳು ಕಳ್ಳ ಅಡುಗೆಯವಳು. ಜಹನಾರಾ ನಡುನಡುವೆ ಬಾಯಿ ಹಾಕುತ್ತಿದ್ದರು. "ಅವಳು ತುಪ್ಪ ಕದ್ದಿರ್ಬೇಕು. ದಪ್ಪ ಇದ್ಲಾ?" "ಇದ್ಲು ಅಮ್ಮಾ, ಬಾಗಿಲಲ್ಲಿ ಅಡ್ಡ ತಿರುಗಿ ಬರ್ಬೇಕಿತ್ತು." ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಜಹನಾರಾ, "ನಾಳೆ ನಾನೂ ಬರ್ತೀನಿ" ಅಂದರು.

ಮನೆಯವರೆಲ್ಲ ಬೇಡವೆಂದರು. ಡಾಕ್ಟರಿಗೆ ಫೋನು ಮಾಡಿದರೆ ಅವರೂ ಬೇಡವೆಂದರು. ಮುದುಕಿ ಕೇಳಲಿಲ್ಲ. ಭಾನುವಾರ ಫೈಸಲ್ ಮತ್ತು ಅವನ ಗೆಳೆಯ ಓವೈಸ್ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮನೆಯ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಇಳಿಸಿದರು. "ನಿಧಾನ ಕಣ್ರೋ, ನಾನೇನು ನಿಮ್ಮ ಅಂಗಡಿ ಬಾಗಿಲಲ್ಲ" ಎಂದು ಅವರು ಬೈಯುತ್ತಲೇ ಇದ್ದರು. ಮುಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಅವರನ್ನು ಕೂರಿಸಿ, ಹಿಂದೆ ಮೂವರು ಕೂತರು. ತಾಹೇರಾ ಮೊದಲ ಬಾರಿಗೆ ತಾನೇ ಕಟ್ಟಿದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಳು.

ಇಂದಿರಾನಗರ ದಾಟುವವರೆಗೂ ಎಲ್ಲ ಸರಿಯಿತ್ತು. ಕೆ.ಆರ್. ಪುರದ ಹತ್ತಿರ ರಸ್ತೆ ಅಗೆದಿದ್ದರು. ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಪ್ರತಿ ಹಳ್ಳಕ್ಕೂ ಜಹನಾರಾರ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊನೆಗೆ ಅವರು ಫೈಸಲ್‌ನ ತೋಳು ಹಿಡಿದು, "ಸಾಕು ಬೇಟಾ, ಇಲ್ಲೇ ನಿಲ್ಸು" ಅಂದರು.

ಮುಚ್ಚಿದ್ದ ಟೈಲ್ಸ್ ಅಂಗಡಿಯೊಂದರ ಮುಂದೆ, ಹೊಂಗೆ ಮರದ ನೆರಳಲ್ಲಿ ಕಾರು ನಿಂತಿತು. ತಾಹೇರಾ ಬಾಗಿಲು ತೆರೆದು ಅತ್ತೆಯ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟಳು. ಫುಟ್‌ಪಾತಿನ ಮೇಲೆ ಬೆಡ್‌ಶೀಟು ಹಾಸಿ, ಹಳ್ಳಿಯಲ್ಲಿ ತೆರೆಯಬೇಕಿದ್ದ ಡಬ್ಬಿಗಳನ್ನು ಅಲ್ಲೇ ತೆರೆದರು. ತಲೆಯ ಮೇಲೆ ಮೆಟ್ರೋ ಹೋಗುತ್ತಿತ್ತು. ದೂರದಲ್ಲಿ ತೂಗುಸೇತುವೆಯ ಎತ್ತರದ ಕಂಬಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಜಹನಾರಾ ಅತ್ತಲೇ ಬಹಳ ಹೊತ್ತು ನೋಡಿದರು.

"ಅದ್ಯಾರ ಬಂಗಲೆ ತಾಹೇರಾ? ಅಷ್ಟೆತ್ತರ?"

ಲುಬ್ನಾ ಬಾಯಿ ತೆರೆದಳು. ನಾಜಿಶ್ ಅವಳ ಮೊಣಕೈ ಹಿಡಿದಳು. ತಾಹೇರಾ ಚಪಾತಿ ಮುರಿಯುತ್ತಲೇ ಹೇಳಿದಳು: "ಯಾರೋ ನವಾಬರದ್ದಂತೆ ಅಮ್ಮಾ. ಬಿಳೀ ಗೋಪುರ ಇದೆ. ಅಡುಗೆಮನೆ ಈ ಕಡೆಯಿಂದ ಕಾಣಲ್ಲ."

"ಜನ ಇದಾರಾ?"

"ತುಂಬಾ ಜನ. ಬರ್ತಾನೇ ಇದಾರೆ, ಹೋಗ್ತಾನೇ ಇದಾರೆ."

"ಮದುವೆ ಇರ್ಬೇಕು" ಅಂದರು ಜಹನಾರಾ. ಆ ದಿನ ಅವರು ಎಂದಿಗಿಂತ ಒಂದು ಚಪಾತಿ ಹೆಚ್ಚು ತಿಂದರು.

ಮನೆಗೆ ಮರಳಿ ಹಾಸಿಗೆಯಲ್ಲಿ ಮಲಗಿಸಿದ ಮೇಲೆ, ತಾಹೇರಾ ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಸೇತುವೆ ಚೆನ್ನಾಗಿತ್ತು" ಅಂದರು.

ತಾಹೇರಾಳ ಕೈ ನಿಂತಿತು. "ಗೊತ್ತಿತ್ತಾ?"

"ನಾನೇನು ಕೆ.ಆರ್. ಪುರ ನೋಡಿಲ್ವಾ? ಕಣ್ಣು ಮಂಜಾಗಿದೆ, ತಲೆ ಅಲ್ಲ." ದಿಂಬಿಗೆ ಕೆನ್ನೆ ಒತ್ತಿ, "ನೀನು ಹೇಳೋದು ಕೇಳ್ಬೇಕು ಅನ್ನಿಸ್ತು" ಅಂದರು.

ಆ ಚಳಿಗಾಲದಲ್ಲಿ ಜಹನಾರಾ ತೀರಿಕೊಂಡರು. ಬೆಳಿಗ್ಗೆ ಚಹಾ ತಂದ ತಾಹೇರಾ ಕರೆದಳು, ಅವರು ಏಳಲಿಲ್ಲ, ಅಷ್ಟೇ. ಬಂದವರೆಲ್ಲ ಅವಳ ಸೇವೆಯನ್ನು ಹೊಗಳಿದರು. "ಇನ್ನಾದ್ರೂ ಸ್ವಲ್ಪ ರೆಸ್ಟ್ ತಗೋಳಿ" ಅಂದರು. ನಲವತ್ತನೇ ದಿನದ ಚಹಲಮ್ ಮುಗಿದ ಮೇಲೆ ಅತ್ತೆಯ ಹಾಸಿಗೆಯನ್ನು ಯಾರಿಗೋ ಕೊಟ್ಟರು. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿಬಿಟ್ಟಿತು.

"ಅಮ್ಮಿ, ಈ ಭಾನುವಾರ ನೀವು ಬರ್ಲೇಬೇಕು" ಎಂದ ಫೈಸಲ್. "ಕೋಡಿಗುಟ್ಟಹಳ್ಳೀಲಿ ಒಂದು ಬಂಗಲೆ ಇದೆ. ಒಂದು ಬಾಗಿಲೂ ಬದಲಾಯಿಸಿಲ್ಲ ಅಂತೆ."

ತಾಹೇರಾ ಹೋದಳು. ರಸ್ತೆ ಸರಿಯಾಗಿತ್ತು, ಕಾರು ಎಲ್ಲೂ ನಿಲ್ಲಲಿಲ್ಲ. ಹೊಸಕೋಟೆ ದಾಟಿದ ಮೇಲೆ ದ್ರಾಕ್ಷಿ ತೋಟಗಳು, ರಾಗಿ ಕೊಯ್ದ ಹೊಲಗಳು, ಆಮೇಲೆ ಹಳ್ಳಿ. ಸುಣ್ಣ ಬಳಿದ ಮನೆಗಳ ಸಾಲು, ಹುಣಸೆ ಮರಗಳು, ಕೆರೆಯ ಏರಿ. ಏರಿಯ ಆಚೆ ಬಂಗಲೆ. ಕುದುರೆ ಸಾಕುತ್ತಿದ್ದ ದೊರೆಯೊಬ್ಬ ಕಟ್ಟಿಸಿದ್ದಂತೆ. ಕೆಂಪು ಹೆಂಚು, ಬಿಳೀ ಕಂಬ, ಇಷ್ಟು ದೊಡ್ಡ ಜಗಲಿ. ಅವಳು ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದ ಮನೆಯೇ ಎದ್ದು ಬಂದು ನಿಂತಂತಿತ್ತು.

ಫೈಸಲ್ ಬಾಗಿಲಿನ ಕೀಲುಗಳನ್ನು ಮುಟ್ಟಿ ನೋಡುತ್ತ ಲುಬ್ನಾಳಿಗೆ ವಿವರಿಸತೊಡಗಿದ. ತಾಹೇರಾ, ಬಂಗಲೆ ನೋಡಿಕೊಳ್ಳುತ್ತಿದ್ದ ರಾಮಾಂಜಿನಪ್ಪನನ್ನು ಕೇಳಿದಳು: "ಅಡುಗೆಮನೆ ಎಲ್ಲಿದೆಯಪ್ಪ?"

"ಅದ್ಯಾರೂ ನೋಡಲ್ಲಮ್ಮಾ. ಹಿಂದೆ ಐತೆ. ಬೀಗ ಹಾಕಿವ್ನಿ."

"ಸ್ವಲ್ಪ ತೆಗೀತೀರಾ?"

ಅವನು ಕೀಲಿ ತಂದು ಬಾಗಿಲು ತೆಗೆದುಕೊಟ್ಟು ಹೋದ. ಅಡುಗೆಮನೆ ಬಂಗಲೆಯಿಂದ ಬೇರೆಯಾಗಿತ್ತು, ನಡುವೆ ಹೆಂಚು ಹೊದಿಸಿದ ಓಣಿ. ಊಟ ಬಂಗಲೆಗೆ ಹೋಗುವಷ್ಟರಲ್ಲಿ ಆರಿಹೋಗುತ್ತಿತ್ತೇನೋ ಅಂದುಕೊಂಡಳು ತಾಹೇರಾ. ಗೋಡೆ ಕಪ್ಪಗಿತ್ತು. ಒಲೆಗಳು ಸೊಂಟದೆತ್ತರಕ್ಕಿದ್ದವು, ನಿಂತೇ ಬೇಯಿಸಬೇಕು. ಮೂಲೆಯಲ್ಲಿ ಒರಳುಕಲ್ಲು. ಹಿಂಬಾಗಿಲು ದಾಟಿದರೆ ಬಾವಿ, ಅದರ ಪಕ್ಕದಲ್ಲಿ ನುಣುಪಾದ ಚಪ್ಪಡಿ. ಹೆಂಗಸರು ಮಧ್ಯಾಹ್ನ ಕೂರುತ್ತಿದ್ದುದು ಅಲ್ಲೇ ಇರಬೇಕು. ಒಂದೊಂದನ್ನೂ ನೋಡುತ್ತಿದ್ದಂತೆ ಅವಳ ಮನಸ್ಸಿನಲ್ಲಿ ಮಾತು ತಾನಾಗಿ ಜೋಡಿಕೊಳ್ಳುತ್ತಿತ್ತು: ನಿಂಬೆ ಗಿಡ ಇಲ್ಲ ಅಮ್ಮಾ, ನುಗ್ಗೆ ಇದೆ. ಒಲೆ ಎತ್ತರ, ಬಗ್ಗೋ ಹಾಗಿಲ್ಲ, ಪುಣ್ಯಾತ್ಮರು. ಹೇಳಲು ತುಟಿಯೂ ಅಲ್ಲಾಡಿತು. ಎದುರಿಗೆ ಬಾವಿಯ ಕಟ್ಟೆ ಮಾತ್ರ ಇತ್ತು.

ಅವಳು ಚಪ್ಪಡಿಯ ಮೇಲೆ ಕೂತಳು. ಅತ್ತೆ ಸತ್ತ ದಿನ ಬಾರದ ಅಳು ಈಗ ಬಂತು.

ಹುಡುಕಿಕೊಂಡು ಬಂದ ನಾಜಿಶ್ ಬಾಗಿಲಲ್ಲಿ ನಿಂತು ನೋಡಿ, ಬಂದು ಪಕ್ಕದಲ್ಲಿ ಕೂತಳು. ಅಳು ಇಳಿಯುವವರೆಗೂ ಕಾದಳು.

"ಎಷ್ಟು ಆಸೆ ಪಟ್ಟಿದ್ದೆ ಗೊತ್ತಾ, ನಿಮ್ಮ ಜೊತೆ ಬರ್ಬೇಕು ಅಂತ" ಅಂದಳು ತಾಹೇರಾ. "ನಿಮ್ಮ ಕಾರು ತಿರುವಿನಲ್ಲಿ ಮರೆಯಾಗೋವರ್ಗೂ ನಿಂತ್ಕೊಂಡು, ಮೇಲೆ ಹೋಗಿ ಅವರ ಮೇಲೆ ಸಿಡುಕ್ತಿದ್ದೆ. ಈಗ ಬಂದಿದೀನಿ. ಹೋಗಿ ಯಾರಿಗೆ ಹೇಳ್ಲಿ?"

ನಾಜಿಶ್ ಬಾವಿಯ ಕಡೆ ತಿರುಗಿ ಹೇಳಿದಳು:

"ಅಮ್ಮಿ, ನಾವು ಸಂಜೆ ಬರ್ತಿದ್ವಲ್ಲ, ಮೆಟ್ಟಿಲು ಹತ್ತುವಾಗ ನಿಮ್ಮಿಬ್ಬರ ನಗು ಕೇಳ್ತಿತ್ತು. ನಾವು ಒಳಗೆ ಬಂದ ಕೂಡ್ಲೇ ನಿಲ್ಲಿಸ್ಬಿಡ್ತಿದ್ರಿ. ಎಷ್ಟೋ ಸಲ ನಾನು ಮೆಟ್ಟಿಲ ಮೇಲೇ ನಿಂತು ಕೇಳಿಸ್ಕೊಳ್ತಿದ್ದೆ. ಇವರು ಬಾಗಿಲು ನೋಡ್ತಾರೆ, ಲುಬ್ನಾ ಓಡಾಡ್ತಾಳೆ, ನನಗೆ ಮಾತಾಡೋಕೆ ಯಾರಿರ್ತಿದ್ರು? ಮನೇಲೇ ಇರ್ಬೇಕಿತ್ತು ಅನ್ಸೋದು. ಕೇಳೋಕೆ ಸಂಕೋಚ."

ತಾಹೇರಾ ಸೊಸೆಯ ಮುಖ ನೋಡಿದಳು. ಈ ಹುಡುಗಿ ಮನೆಗೆ ಬಂದು ಇಷ್ಟು ವರ್ಷಗಳಾದವು. ಪ್ರತಿ ಭಾನುವಾರ ಅವಳ ಕೈಗೆ ಬುತ್ತಿ ಕೊಟ್ಟು, ಅವಳು ಹೋಗುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದುಂಟು.

"ಒಳಗೆ ಬರ್ಬಾರ್ದಿತ್ತಾ?" ಅಂದಳು.

"ನೀವು ಕರೀಲಿಲ್ಲ."

ಜಗಲಿಯಿಂದ ಫೈಸಲ್ ಊಟಕ್ಕೆ ಕೂಗಿದ. ಇಬ್ಬರೂ ಎದ್ದು, ಒಬ್ಬರ ಬುರ್ಖಾಗೆ ಅಂಟಿದ ಧೂಳನ್ನು ಇನ್ನೊಬ್ಬರು ಕೊಡವಿದರು.

ಮುಂದಿನ ಭಾನುವಾರ ನಾಜಿಶ್, "ನೀವಿಬ್ಬರೇ ಹೋಗ್ಬನ್ನಿ, ನಾನು ಅಮ್ಮಿ ಜೊತೆ ಇರ್ತೀನಿ" ಎಂದಾಗ ಫೈಸಲ್‌ಗೆ ಏನೂ ತಿಳಿಯಲಿಲ್ಲ. "ಯಾಕೆ, ಹುಷಾರಿಲ್ವಾ?" ಎಂದು ಕೇಳಿ, ಲುಬ್ನಾಳನ್ನು ಕರೆದುಕೊಂಡು ಹೊರಟ.

ಅತ್ತೆ ಸೊಸೆ ಇಬ್ಬರಿಗೂ ಹೇಗೆ ಆರಂಭಿಸಬೇಕೆಂದು ಗೊತ್ತಾಗಲಿಲ್ಲ. ಬಟ್ಟೆ ಮಡಿಸಿದರು. ಬೇಳೆ ಬೇಯಿಸಿ ಉಂಡರು. ನಾಜಿಶ್ ಒಂದೆರಡು ಮಾತು ಎತ್ತಿದಳು, ಅವು ಅಲ್ಲಲ್ಲೇ ನಿಂತವು. ಕೊನೆಗೆ ಇಬ್ಬರೂ ಬೀಗ ಹಾಕಿ, ಬಸ್ಸು ಹತ್ತಿ ಹಲಸೂರು ಕೆರೆಗೆ ಹೋದರು. ಬೆಂಚಿನ ಮೇಲೆ ಕೂತು ಹುರಿದ ಕಡಲೆಕಾಯಿ ಬಿಡಿಸುತ್ತ ನೀರು ನೋಡಿದರು. ನಾಜಿಶ್ ತನ್ನ ತವರಿನ ಬಗ್ಗೆ, ಚಿಕ್ಕಂದಿನಲ್ಲೇ ತೀರಿಕೊಂಡ ತನ್ನ ಅಮ್ಮನ ಬಗ್ಗೆ ಹೇಳಿದಳು. ತಾಹೇರಾ ಅದನ್ನು ಕೇಳಿದ್ದು ಅದೇ ಮೊದಲು. ಅವಳು ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ನಿಮ್ಮಮ್ಮನ ಕೂದಲು ಉದ್ದ ಇತ್ತಾ? ಬೈತಿದ್ರಾ? ನಾಜಿಶ್ ನೆನಪಿದ್ದಷ್ಟು ಹೇಳಿದಳು, ನೆನಪಿಲ್ಲದ ಕಡೆ ಸುಮ್ಮನಾದಳು.

ಬಿಸಿಲು ಇಳಿಯಿತು. ದಡದ ಮರಗಳಿಗೆ ಹಕ್ಕಿಗಳು ಮರಳತೊಡಗಿದವು. ಫೈಸಲ್ ಮನೆಗೆ ಬರುವ ಹೊತ್ತಾಯಿತೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೊದಲು ಏಳಲು ಇಬ್ಬರಿಗೂ ಮನಸ್ಸಾಗಲಿಲ್ಲ.