ಬ್ಯಾಂಡೇಜಿನ ಸುಕ್ಕು

ಕುದಿಯುವ ಎಣ್ಣೆ ಬಿದ್ದು ನನ್ನ ತಮ್ಮನ ಹೆಂಡತಿಯ ಮುಂಗೈ ಸುಟ್ಟಿತ್ತು. ಅವಳ ತೊಡೆಯ ಚರ್ಮವನ್ನೇ ತೆಗೆದು ಅಲ್ಲಿಗೆ ಹಚ್ಚಿದ್ದರು. ಅದು ಹಿಡಿದುಕೊಳ್ಳದಿದ್ದರೆ ಮತ್ತೆ ಆಪರೇಷನ್.

“ಬ್ಯಾಂಡೇಜ್ ಮುಟ್ಟಬೇಡಿ. ಹೊಸ ಚರ್ಮದ ಜೀವಕೋಶಗಳು ಪಕ್ಕದವುಗಳ ಕೈ ಹಿಡ್ಕೋಬೇಕು. ಕದಲಿದ್ರೆ ಬಿಟ್ಟುಹೋಗುತ್ತೆ,” ಎಂದು ನರ್ಸ್ ಹೇಳಿ ಹೋಗಿದ್ದಳು.

ತಮ್ಮ ಇಸ್ತ್ರಿ ಅಂಗಡಿಯವನು. ಬಟ್ಟೆಯಲ್ಲಿ ಸುಕ್ಕು ಕಂಡರೆ ಅವನ ಕೈ ಸುಮ್ಮನಿರದು. ಹೆಂಡತಿಯ ಪಕ್ಕ ಕೂತು ಏನೋ ಯೋಚಿಸುತ್ತಾ, ಬ್ಯಾಂಡೇಜಿನ ಅಂಚಿನ ಸುಕ್ಕನ್ನು ಹೆಬ್ಬೆರಳಿನಿಂದ ಒತ್ತಿ ಎಳೆದುಬಿಟ್ಟ.

“ಏಯ್, ತೆಗಿಯೋ ಕೈ! ಗಿರಾಕಿ ಅಂಗಿ ಅನ್ಕೊಂಡ್ಯಾ?” ಎಂದೆ. ಅಷ್ಟರಲ್ಲಿ ಆಗಿಹೋಗಿತ್ತು. ಅವಳು ಮಿಸುಕಲೂ ಇಲ್ಲ. ಹೊಸ ಚರ್ಮದಲ್ಲಿ ಅವಳಿಗೆ ಇನ್ನೂ ಸ್ಪರ್ಶವೇ ತಿಳಿಯುತ್ತಿರಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ದಿನ ನರ್ಸ್ ಬೆರಳಿನಿಂದ ಒತ್ತಿ ನೋಡಿದಳು. ಬಿಳಿಚಿದ ಚರ್ಮ ಮತ್ತೆ ಕೆಂಪಾಯಿತು.

“ಹಿಡ್ಕೊಂಡಿದೆ,” ಎಂದಳು.

ಅಂಚಿನಲ್ಲಿ ಮಾತ್ರ ಹೆಬ್ಬೆರಳಗಲ ಚರ್ಮ ಕಪ್ಪಾಗಿ ಎದ್ದಿತ್ತು. ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಇದಕ್ಕೂ ಆಪರೇಷನ್ನಾ?” ಎಂದು ನಾನು ಕೇಳಿದೆ.

“ಬೇಡಮ್ಮ. ಜಾಗ ಖಾಲಿ ಆಗಿದೆ ಅಂತ ಅಂಚಿನ ಕೋಶಗಳಿಗೆ ಗೊತ್ತಾಗುತ್ತೆ. ಎರಡೂ ಕಡೆಯಿಂದ ತೆವಳ್ಕೊಂಡು ಬರ್ತವೆ. ಒಂದಕ್ಕೊಂದು ತಾಗಿದ ಮೇಲೆ ನಿಂತ್ಬಿಡ್ತವೆ.”

“ಅಲ್ಲೀವರೆಗೂ ಇವರ ಕೈ ಕಟ್ಟಿಹಾಕಿ ಸಿಸ್ಟರ್,” ಎಂದಳು ತಮ್ಮನ ಹೆಂಡತಿ. ಆಸ್ಪತ್ರೆಗೆ ಬಂದ ಮೇಲೆ ಅವಳಾಡಿದ ಮೊದಲ ತಮಾಷೆ ಅದು. ಯಾರಿಗೂ ನಗು ಬರಲಿಲ್ಲ. ತಮ್ಮ ಎದ್ದುಹೋಗಿ ಮಂಚದ ಆ ಕಡೆ, ಅವಳ ಸುಡದ ಕೈಯ ಪಕ್ಕ ಕೂತ.